ಉಷ್ಣಮಾಪಕ 3 ಡಿಗ್ರಿ ತೋರಿಸಿದರೂ ಊಟಿಯ ಹುಲ್ಲಿನ ಮೇಲೆ ಹಿಮವೇಕೆ?

ಪ್ರಶ್ನೆ: ಜನವರಿಯಲ್ಲಿ ಊಟಿಗೆ ಹೋಗಿದ್ದಾಗ ಬೆಳಗಿನ ಜಾವ ಹುಲ್ಲುಗಾವಲೆಲ್ಲ ಬೆಳ್ಳಗಾಗಿತ್ತು. ಪತ್ರಿಕೆಯಲ್ಲಿ ಮಾತ್ರ ಅಂದಿನ ಕನಿಷ್ಠ ಉಷ್ಣಾಂಶ 3 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ಇದು ಹೇಗೆ ಸಾಧ್ಯ? ಮರದಡಿಯ ಹುಲ್ಲು ಹಸಿರಾಗಿಯೇ ಇದ್ದದ್ದೇಕೆ?

ಉತ್ತರ: ನೀವು ಕಂಡದ್ದು ಆಕಾಶದಿಂದ ಬಿದ್ದ ಹಿಮವಲ್ಲ, ಹುಲ್ಲಿನ ಮೇಲೆಯೇ ಹುಟ್ಟಿದ ಫ್ರಾಸ್ಟ್. ಪತ್ರಿಕೆಯ ಅಂಕಿಯೂ ತಪ್ಪಲ್ಲ. ಹವಾಮಾನ ಕೇಂದ್ರದ ಉಷ್ಣಮಾಪಕವನ್ನು ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ಅದು ಆ ಎತ್ತರದ ಗಾಳಿಯ ಉಷ್ಣಾಂಶವನ್ನು ಹೇಳುತ್ತದೆಯೇ ಹೊರತು ಹುಲ್ಲಿನ ಎಸಳಿನದನ್ನಲ್ಲ.

ಹಗಲಿನ ಶಾಖವನ್ನು ನೆಲ ಮತ್ತು ಹುಲ್ಲು ರಾತ್ರಿಯಿಡೀ ಅವಕೆಂಪು ವಿಕಿರಣವಾಗಿ ಆಕಾಶದತ್ತ ಹೊರಸೂಸುತ್ತವೆ. ಮೋಡವಿದ್ದರೆ ಅದು ಈ ವಿಕಿರಣವನ್ನು ಹೀರಿಕೊಂಡು ತಾನೂ ಕೆಳಕ್ಕೆ ಶಾಖವನ್ನು ಸೂಸುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿಳಿದು ಬೆರೆಯುತ್ತದೆ. ಇವೆರಡೂ ಇಲ್ಲದ ರಾತ್ರಿಯಲ್ಲಿ, ತೆಳುವಾದುದರಿಂದ ಶಾಖವನ್ನು ಹೆಚ್ಚು ಹಿಡಿದಿಡಲಾರದ ಎಸಳು, ತಲೆಯೆತ್ತರದ ಗಾಳಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ತಣಿದು ಸೊನ್ನೆಯ ಕೆಳಕ್ಕೆ ಇಳಿಯಬಲ್ಲದು. ಆಗ ಅದನ್ನು ತಾಕಿದ ನೀರಾವಿ ದ್ರವವಾಗದೆ ನೇರವಾಗಿ ಮಂಜುಗಡ್ಡೆಯ ಹರಳಾಗುತ್ತದೆ. ಹರಳುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಪದರ ಬೆಳ್ಳಗೆ ಕಾಣುತ್ತದೆ. ಮೊದಲು ಇಬ್ಬನಿ ಕೂತು ಆಮೇಲೆ ಹೆಪ್ಪುಗಟ್ಟುವುದೂ ಉಂಟು, ಆದರೆ ಆ ಹನಿಗಳು ಗಾಜಿನ ಮಣಿಗಳಂತೆ ಪಾರದರ್ಶಕವಾಗಿರುತ್ತವೆ.

ಮರದಡಿಯ ಹುಲ್ಲಿಗೆ ತೆರೆದ ಆಕಾಶದ ಬದಲು ಬೆಚ್ಚಗಿರುವ ಕೊಂಬೆಗಳು ಎದುರಾಗಿರುತ್ತವೆ, ಅಷ್ಟೇ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಫ್ರಾಸ್ಟ್ ನೋಡಲು 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಗಿಂತ ತಲೈಕುಂದದಂಥ ತಗ್ಗಿನ ಹುಲ್ಲುಗಾವಲೇ ಸೂಕ್ತ.

ಪ್ರವಾಸಿಗರಿಗೆ ಚೆಲುವಾಗಿ ಕಾಣುವ ಈ ಪದರ ಚಹಾ ಬೆಳೆಗಾರರಿಗೆ ನಿಜವಾದ ಸಂಕಟ. ಎಲೆಯ ಜೀವಕೋಶಗಳ ನಡುವಿನ ನೀರು ಹೆಪ್ಪುಗಟ್ಟಿ ಕೋಶದೊಳಗಿನ ನೀರನ್ನೂ ಹೊರಗೆಳೆಯುವುದರಿಂದ ಚಿಗುರು ಕಂದುಬಣ್ಣಕ್ಕೆ ತಿರುಗಿ ಒಣಗುತ್ತದೆ. ಎಳೆಯ ಸಸಿಗಳಿಗೆ ಸಂಜೆಯೇ ಸೊಪ್ಪು ಹೊದಿಸುವುದು ಸರಳವೂ ಸುರಕ್ಷಿತವೂ ಆದ ಉಪಾಯವೆಂದು ನನ್ನ ಅಭಿಪ್ರಾಯ. ಸ್ಪ್ರಿಂಕ್ಲರ್‌ನಿಂದ ನೀರು ಚಿಮುಕಿಸುವುದೂ ಫಲ ಕೊಡುತ್ತದೆ, ಏಕೆಂದರೆ ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 334 ಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಆದರೆ ಅಷ್ಟೇ ನೀರು ಆವಿಯಾಗಲು ಅದರ ಏಳು ಪಟ್ಟಿಗೂ ಹೆಚ್ಚು ಶಾಖವನ್ನು ಸೆಳೆಯುವುದರಿಂದ, ಗಡ್ಡೆ ಕರಗುವ ಮುನ್ನವೇ ನೀರು ನಿಲ್ಲಿಸಿದರೆ ಸಸಿ ಮೊದಲಿಗಿಂತಲೂ ಹೆಚ್ಚು ತಣಿಯುವ ಅಪಾಯವಿದೆ.