ನಿಮ್ಮ ಡೋಸ್ ಎಷ್ಟು, ಅದರ ಕಾಗದ ಎಲ್ಲಿದೆ?

ಪ್ರಶ್ನೆ: ನಾನು ಶಹಾಪುರ ತಾಲೂಕಿನವ ಇದ್ದೀನ್ರಿ. ಗುತ್ತಿಗೆದಾರರ ಕಡಿಂದ ಕೈಗಾ ಅಣು ಸ್ಥಾವರದಾಗ ಶಟ್‌ಡೌನ್ ಕೆಲಸಕ್ಕ, ಅಂದ್ರ ಸ್ಥಾವರ ನಿಲ್ಲಿಸಿ ಮಾಡೋ ರಿಪೇರಿಗಿ, ಹೋಗ್ತೀನಿ. ಅಲ್ಲಿ ಹೋದವರಿಗಿ ಕ್ಯಾನ್ಸರ್ ಬರ್ತದ, ಮಕ್ಕಳಾಗಲ್ಲ ಅಂತ ಊರಾಗ ಅಂತಾರ. ಹೆಣ್ಣು ಕೊಡ್ಲಿಕ್ಕೂ ಹಿಂದಮುಂದ ನೋಡ್ತಾರ. ಅವ್ವ ಕೆಲಸ ಬಿಡು ಅಂತಾಳ. ಬಿಡ್ಲೇನ್ರಿ?

ಉತ್ತರ: ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ಪದೇಪದೇ ಬರುತ್ತದೆ. ಕೇಳುವ ಯಾರೂ ತಮ್ಮ ಡೋಸ್, ಅಂದರೆ ಮೈಗೆ ತಾಗಿದ ವಿಕಿರಣದ ಮೊತ್ತ, ಎಷ್ಟೆಂದು ಬರೆಯುವುದಿಲ್ಲ. ನೀವೂ ಬರೆದಿಲ್ಲ. ಆ ಅಂಕಿ ಇಲ್ಲದೆ 'ಏನೂ ಆಗಲ್ಲ' ಅನ್ನುವವರೂ, 'ಸತ್ತೇ ಹೋಗ್ತಿ' ಅನ್ನುವವರೂ ನಿಮಗೆ ಸುಳ್ಳು ಹೇಳುತ್ತಿದ್ದಾರೆ.

ಬ್ರಿಟನ್ನಿನ ವೈದ್ಯೆ ಆಲಿಸ್ ಸ್ಟುವರ್ಟ್ ಅವರ ವಿಷಯ ನಿಮಗೆ ತಿಳಿದಿರಲಿ. ಕ್ಯಾನ್ಸರಿನಿಂದ ತೀರಿಕೊಂಡ ಮಕ್ಕಳ ತಾಯಂದಿರನ್ನು ವಿಚಾರಿಸಿ, ಬಸುರಿನಲ್ಲಿ ಎಕ್ಸ್‌ರೇ ಆಗಿದ್ದರೆ ಮಗುವಿಗೆ ಆ ಅಪಾಯ ಸುಮಾರು ದುಪ್ಪಟ್ಟು ಎಂದು 1956ರಲ್ಲಿ ಅವರು ತೋರಿಸಿದರು. ವೈದ್ಯಲೋಕ ಬಹಳ ವರ್ಷ ಒಪ್ಪಲಿಲ್ಲ. ಆಮೇಲೆ ಸ್ಟುವರ್ಟ್ ಅಮೆರಿಕದ ಹ್ಯಾನ್‌ಫರ್ಡ್ ಅಣು ಕೇಂದ್ರದ ಕಾರ್ಮಿಕರ ದಾಖಲೆ ಹಿಡಿದು ಕೂತರು. ಮಿತಿಯೊಳಗಿನ ಡೋಸಿನಿಂದಲೂ ಕ್ಯಾನ್ಸರ್ ಹೆಚ್ಚುತ್ತದೆ ಎಂದು 1977ರಲ್ಲಿ ಸಂಗಡಿಗರ ಜೊತೆ ಬರೆದಾಗ ದೊಡ್ಡ ಜಗಳವೇ ಆಯಿತು. ಅವರ ಲೆಕ್ಕವನ್ನು ಅನೇಕರು ಹೆಚ್ಚಾಯಿತು ಅಂದರು. ಆದರೆ ದಾರಿ ಸರಿ ಇತ್ತು. ಫ್ರಾನ್ಸ್, ಬ್ರಿಟನ್, ಅಮೆರಿಕಗಳ 3 ಲಕ್ಷಕ್ಕೂ ಹೆಚ್ಚು ಅಣು ಕಾರ್ಮಿಕರ ಅಧ್ಯಯನದ 2023ರ ವರದಿ, 1 ಗ್ರೇ ಡೋಸಿಗೆ, ಅಂದರೆ ಗಾಮಾ ಕಿರಣದ ಲೆಕ್ಕದಲ್ಲಿ 1,000 ಮಿಲಿಸೀವರ್ಟಿಗೆ (ಎರಡೂ ಡೋಸಿನ ಅಳತೆಗಳೇ), ಗಡ್ಡೆ ಕ್ಯಾನ್ಸರಿನ ಸಾವು ಶೇ 52ರಷ್ಟು ಏರುತ್ತದೆ ಎಂದಿದೆ.

ಈಗ ನಿಮ್ಮ ಲೆಕ್ಕ ಮಾಡೋಣ. ನಮ್ಮ ದೇಶದಲ್ಲಿ ಕಾರ್ಮಿಕರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. 20 ಆದರೆ ಎಲ್ಲರಿಗೂ ಇರುವ ಅಪಾಯದ ಮೇಲೆ ನೂರಕ್ಕೆ ಒಂದರಷ್ಟು ಏರಿಕೆ. ವರ್ಷವರ್ಷವೂ ಕೂಡುತ್ತಾ 200ಕ್ಕೆ ಮುಟ್ಟಿದರೆ ನೂರಕ್ಕೆ ಹತ್ತು. ನಿಮ್ಮ ಒಟ್ಟು ಡೋಸ್ ಐದಾರು ಮಿಲಿಸೀವರ್ಟ್ ಇದ್ದರೆ ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ನೂರು ದಾಟಿದ್ದರೆ, ನನ್ನ ತಮ್ಮನಾಗಿದ್ದರೆ ಬೇರೆ ಕೆಲಸ ಹುಡುಕು ಅನ್ನುತ್ತಿದ್ದೆ. ಕಾನೂನು ಅಷ್ಟು ಬಿಗಿ ಇಲ್ಲ, ನಾನು ಇದ್ದೇನೆ.

ಅಂಕಿ ಬರುವುದು ಎದೆಯ ಮೇಲಿನ ಟಿಎಲ್‌ಡಿ ಬ್ಯಾಜಿನಿಂದ. ಒಳಗೆ ಮೂರು ಪುಟ್ಟ ಬಿಲ್ಲೆಗಳಿವೆ, ಮೈಗೆ ತಾಗಿದ ವಿಕಿರಣ ಹಿಡಿದಿಟ್ಟುಕೊಳ್ಳುವುದು ಅವೇ. ಎಕ್ಸ್‌ರೇ ಕೋಣೆಯ ಮೊಳೆಗೆ ತೂಗುಹಾಕಿದ ಬ್ಯಾಜ್ ನೋಡಿದ್ದೇನೆ. ಅದು ಗೋಡೆಯ ಡೋಸ್, ಮನುಷ್ಯನದಲ್ಲ. ಮಿತಿ ಮುಟ್ಟಿದರೆ ಕೂಲಿ ತಪ್ಪುತ್ತದೆಂದು ಬ್ಯಾಜ್ ತೆಗೆದಿಟ್ಟು ಒಳಗೆ ಹೋಗು ಎಂದು ಯಾರೇ ಹೇಳಲಿ, ಹೋಗಬೇಡಿ. ಬಿಸಿಲಿಗೂ ಇಡಬೇಡಿ.

ಇನ್ನೊಂದು ಮಾತು, ಇದನ್ನು ಹುಡುಗರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಕೈಗಾದಂಥ ಭಾರಜಲದ ರಿಯಾಕ್ಟರಿನಲ್ಲಿ ಟ್ರಿಷಿಯಂ ಎಂಬ ವಿಕಿರಣ ಸೂಸುವ ಜಲಜನಕ ಇರುತ್ತದೆ, ಅದು ಈ ಬ್ಯಾಜಿಗೆ ಸಿಗುವುದಿಲ್ಲ. ಮೂತ್ರ ಪರೀಕ್ಷೆಯೇ ಬೇಕು. 2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ ಸೇರಿದ್ದು ಬಯಲಾದದ್ದು ಸಿಬ್ಬಂದಿಯ ಮೂತ್ರದಿಂದಲೇ. ಸ್ಯಾಂಪಲ್ ಕೊಡು ಅಂದ ದಿನ ತಪ್ಪಿಸಬೇಡಿ.

ಕೆಲಸ ಮುಗಿಸಿ ಊರಿಗೆ ಬಸ್ ಹತ್ತುವ ಮುಂಚೆ ಬ್ಯಾಜಿನದು, ಮೂತ್ರ ಪರೀಕ್ಷೆಯದು ಎರಡೂ ಸೇರಿದ ಡೋಸನ್ನು ಬರಹದಲ್ಲಿ ಕೇಳಿ ಪಡೆಯಿರಿ. ಗುತ್ತಿಗೆದಾರ ಬದಲಾದರೂ ಹಳೆಯ ಕಾಗದ ಎಸೆಯಬೇಡಿ. ಹ್ಯಾನ್‌ಫರ್ಡಿನವರ ಸತ್ಯ ಹೊರಬಿದ್ದದ್ದು ದಾಖಲೆ ಉಳಿದಿದ್ದಕ್ಕೇ.

ಇನ್ನು ಲಗ್ನದ ಮಾತು. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಟ್ಟಲೆ ಪರೀಕ್ಷಿಸಿದರೂ ಆನುವಂಶಿಕ ಹಾನಿ ಕಂಡುಬಂದಿಲ್ಲ. ಗಂಡಸರ ವೀರ್ಯಾಣು ತಾತ್ಕಾಲಿಕವಾಗಿ ಇಳಿಯಲಿಕ್ಕೂ ಒಂದೇ ಸಲಕ್ಕೆ 100ರಿಂದ 150 ಮಿಲಿಸೀವರ್ಟಿನಷ್ಟು ಬೇಕು. ಹೆಣ್ಣಿನ ಕಡೆಯವರಿಗೆ ಇದನ್ನೇ ಓದಿ ಹೇಳಿ.

ಪ್ರಶ್ನೆ: ಬೀದರಿನಲ್ಲಿ ವಿಕಿರಣ ಹೊರಹಾಕುವ ಕಷಾಯ ಮಾರುತ್ತಿದ್ದಾರೆ. ಕುಡಿಯಬಹುದೇ?

ಉತ್ತರ: ಬೇಡ. ಅಂಥ ಕಷಾಯವೇ ಇಲ್ಲ, ಮಾರುವವನು ಕಳ್ಳ.

ಪ್ರಶ್ನೆ: ಶಕ್ತಿನಗರದ ವಿದ್ಯುತ್ ಸ್ಥಾವರದ ವಿಕಿರಣ ಯಾದಗಿರಿಗೆ ಬರುತ್ತದೆಯೇ?

ಉತ್ತರ: ಅದು ಕಲ್ಲಿದ್ದಲಿನ ಸ್ಥಾವರ. ಹೊಗೆ, ಬೂದಿಯ ಬಗ್ಗೆ ಕೇಳಿ.

ಪ್ರಶ್ನೆ: ಅತ್ತೆಗೆ ಕ್ಯಾನ್ಸರಿಗೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸುತ್ತಿದ್ದೇವೆ. ಮಕ್ಕಳನ್ನು ಹತ್ತಿರ ಬಿಡಬಹುದೇ?

ಉತ್ತರ: ಹೊರಗಿನಿಂದ ಮಷೀನಿನಲ್ಲಿ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಬೇನೆಯಲ್ಲಿರುವ ಹಿರಿಯರಿಗೆ ಬೇರೆ ತಾಟು, ಬೇರೆ ಕೋಣೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿ.

ಪ್ರಶ್ನೆ: ಗೋಗಿ ಹತ್ತಿರ ನೆಲದಲ್ಲಿ ಯುರೇನಿಯಂ ಇದೆಯಂತೆ. ನಮ್ಮ ಬೋರ್ ನೀರು ಕುದಿಸಿ ಕುಡಿದರೆ ಸಾಕೇ?

ಉತ್ತರ: ಸಾಲದು. ಕುದಿಸಿದರೆ ನೀರು ಇಂಗುತ್ತದೆ, ಯುರೇನಿಯಂ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಮೊದಲ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ನೀರನ್ನು ಪರೀಕ್ಷೆಗೆ ಕೊಡಿ, ಯುರೇನಿಯಂ ನೋಡಿ ಎಂದು ಹೆಸರಿಟ್ಟು ಕೇಳಿ. ಮಿತಿ ದಾಟಿದ್ದರೆ ಆರ್‌ಓ ನೀರು ಕುಡಿಯಿರಿ.