ಹೈಬ್ರಿಡ್ ಹತ್ತಿ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಬೆಳೆ ಯಾಕೆ ಒಂದೇ ಸಮ ಬರೋದಿಲ್ಲ?

ಮೊಳಕೆಯೇನೋ ಬರುತ್ತದೆ. ಆದರೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುಮಟ್ಟ. ಕಂಪನಿಯವರ ಮೋಸ ಅಂತ ಬೈಯುವವರಿದ್ದಾರೆ. ಬೆಲೆಗೆ ಬೇಕಾದರೆ ಬೈಯಿರಿ, ಇದಕ್ಕಲ್ಲ.

ಕುಷ್ಟಗಿ ಕಡೆ ಬೀಜೋತ್ಪಾದನೆ ಹೊಲದಲ್ಲಿ ಕ್ರಾಸಿಂಗ್ ನೋಡಿದ್ದರೆ ಕಾರಣ ಬೇಗ ಹೊಳೆಯುತ್ತದೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೆಯುತ್ತಾರೆ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗ ಮುಟ್ಟಿಸುತ್ತಾರೆ. ಹೀಗೆ ಪ್ರತಿ ಜೀನ್‌ಗೂ, ಅಂದರೆ ಗಿಡದ ಗುಣ ನಿರ್ಧರಿಸುವ ಅಂಶಕ್ಕೂ, ತಾಯಿಯದೊಂದು, ತಂದೆಯದೊಂದು ನಕಲು ಸಿಗುತ್ತದೆ. ತಾಯಿ, ತಂದೆ ಎರಡೂ ಶುದ್ಧ ತಳಿ (ಬೀಜ ಎತ್ತಿ ಬಿತ್ತಿದರೂ ಒಂದೇ ತರಹ ಬರುವಂಥದ್ದು), ಹಾಗಾಗಿ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ತರಹ. ಆ ಗಿಡ ತಾನೇ ಬೀಜ ಕಟ್ಟುವಾಗ ಜೋಡಿ ಬೇರೆಯಾಗಿ ಹೊಸದಾಗಿ ಕೂಡಿಕೊಳ್ಳುತ್ತದೆ.

ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಸಾಗುವ ನಿಯಮ ಕಂಡುಕೊಂಡ ವಿಜ್ಞಾನಿ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಲೆಕ್ಕವೂ ಇದೇ. ದುಂಡು ಕಾಳಿನ ತಳಿಗೆ ಸುಕ್ಕು ಕಾಳಿನದನ್ನು ಕೂಡಿಸಿದಾಗ ಮೊದಲು ಬಂದದ್ದೆಲ್ಲ ದುಂಡು. ಅವುಗಳ ಮರಿಗಳಲ್ಲಿ 5,474 ದುಂಡು, 1,850 ಸುಕ್ಕು. ಹತ್ತಿರ ಹತ್ತಿರ 3:1. ಅಡಗಿದ್ದ ಸುಕ್ಕು ಮತ್ತೆ ಹೊರಬಿತ್ತು. ಹತ್ತಿಯ ಇಳುವರಿಗೆ ಒಂದಲ್ಲ, ಹತ್ತಾರು ಜೀನ್. ಕಲಸುಮೇಲೋಗರ ಇನ್ನೂ ಜಾಸ್ತಿ.

ಮಾಲ್ದಂಡಿ ಬಿಳಿಜೋಳ ಹೈಬ್ರಿಡ್ ಅಲ್ಲ, ಅದರ ಬೀಜ ಧಾರಾಳವಾಗಿ ಎತ್ತಿಡಿ.