ಕೈಯಲ್ಲಿ ಸದಾ ಏನನ್ನಾದರೂ ಆಡಿಸುತ್ತಿರುವ ಅಭ್ಯಾಸವನ್ನು ಬಿಡಲೇಬೇಕೇ?

ಸಭೆಯಲ್ಲಿ ಕುಳಿತಾಗ ಪೆನ್ನು, ಕೀಲಿ ಗೊಂಚಲು, ಕಾಗದಕ್ಕೆ ಹಾಕುವ ಕ್ಲಿಪ್ಪು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಿರುವುತ್ತಿರುತ್ತೀರೆಂದೂ, ಅದಕ್ಕಾಗಿ ಎಲ್ಲರೆದುರು ಮೇಲಧಿಕಾರಿಯಿಂದ ಮಾತು ಕೇಳಬೇಕಾಯಿತೆಂದೂ ಬರೆದು, ಈ ಚಾಳಿಯನ್ನು ಬಿಡುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಅಭ್ಯಾಸವಿರುವ ನನ್ನ ಅಭಿಪ್ರಾಯದಲ್ಲಿ ಅದನ್ನು ಬಿಡುವ ಗೋಜಿಗೆ ಹೋಗಬೇಕಾಗಿಲ್ಲ. ಕೈಯಲ್ಲಿರುವ ವಸ್ತುವನ್ನು ಬದಲಾಯಿಸಿದರೆ ಸಾಕು.

ಕೈ ಆಡುತ್ತಿದ್ದರೆ ಮನಸ್ಸು ಇಲ್ಲಿಲ್ಲ ಎಂದು ನೋಡುವವರು ತಿಳಿಯುತ್ತಾರೆ. ವಾಸ್ತವ ಹಲವು ಬಾರಿ ಇದಕ್ಕೆ ತಿರುವುಮುರುವಾಗಿರುತ್ತದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾಕಿ ಆಂಡ್ರೇಡ್ ಅವರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 40 ಮಂದಿಗೆ ಸುಮಾರು ಎರಡೂವರೆ ನಿಮಿಷದ, ಬೇಕೆಂದೇ ನೀರಸವಾಗಿ ಓದಿಸಿದ್ದ ಫೋನ್ ಸಂದೇಶವನ್ನು ಕೇಳಿಸಿ, ಪಾರ್ಟಿಯೊಂದಕ್ಕೆ ಬರುವವರ ಹೆಸರುಗಳನ್ನಷ್ಟೇ ಬರೆದುಕೊಳ್ಳಲು ಹೇಳಲಾಗಿತ್ತು. ಅವರಲ್ಲಿ ಅರ್ಧದಷ್ಟು ಜನ ಕೇಳುತ್ತಲೇ ಕಾಗದದ ಮೇಲಿನ ಚೌಕ, ವೃತ್ತಗಳ ಒಳಗೆ ಪೆನ್ಸಿಲ್ಲಿನಿಂದ ಗೀಚಿ ತುಂಬುತ್ತಿದ್ದರು. ಆಮೇಲೆ ಮುನ್ಸೂಚನೆಯಿಲ್ಲದೆ ನೆನಪಿನ ಪರೀಕ್ಷೆ ಮಾಡಿದಾಗ, ಗೀಚುತ್ತಿದ್ದವರು ಸುಮ್ಮನೆ ಕೇಳಿದವರಿಗಿಂತ ಶೇ 29ರಷ್ಟು ಹೆಚ್ಚು ವಿವರಗಳನ್ನು ಹೇಳಿದರು. ಬೇಸರ ಬಂದಾಗ ಮನಸ್ಸು ಹಗಲುಗನಸಿಗೆ ಇಳಿಯುತ್ತದೆ, ಹಗಲುಗನಸು ಗಮನದ ಬಹುಪಾಲನ್ನು ನುಂಗಿಬಿಡುತ್ತದೆ. ಕೈಗೆ ಒಂದು ಚಿಕ್ಕ ಕೆಲಸವಿದ್ದರೆ ಅದಕ್ಕೆ ತಗಲುವ ಗಮನ ಅಲ್ಪ, ಕನಸಿಗೆ ಜಾರುವುದೂ ತಪ್ಪುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಹಾಗಾದರೆ ಯಾವ ಆಟಿಕೆಯಾದರೂ ಆದೀತೇ ಎಂದರೆ, ಆಗುವುದಿಲ್ಲ. 2017ರಲ್ಲಿ ಜಗತ್ತಿನ ತುಂಬ, ನಮ್ಮ ಬೀದಿಬದಿಯ ಅಂಗಡಿಗಳಲ್ಲೂ, ಮೂರು ರೆಕ್ಕೆಯ ಫಿಜೆಟ್ ಸ್ಪಿನ್ನರುಗಳ ಹುಚ್ಚು ಹರಡಿದ್ದು ನಿಮಗೆ ನೆನಪಿರಬಹುದು. ಏಕಾಗ್ರತೆ ಹೆಚ್ಚುತ್ತದೆ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಕ್ಕಳಿಗೆ ಒಳ್ಳೆಯದು ಎಂದು ಹೇಳಿಯೇ ಅವನ್ನು ಮಾರಿದರು; ಆ ವರ್ಷ ಮುಗಿಯುವ ಮೊದಲೇ ಅಮೆರಿಕ, ಬ್ರಿಟನ್ನುಗಳ ಎಷ್ಟೋ ಶಾಲೆಗಳು ಅವನ್ನು ತರಗತಿಯಿಂದ ಹೊರಗಿಟ್ಟವು. ಮುಂದೆ ನಡೆದ ಅಧ್ಯಯನಗಳೂ ಶಾಲೆಗಳ ಮಾತನ್ನೇ ಎತ್ತಿಹಿಡಿದವು: ವಿಡಿಯೊ ಪಾಠ ನೋಡುತ್ತ ಸ್ಪಿನ್ನರ್ ತಿರುಗಿಸುತ್ತಿದ್ದ ವಿದ್ಯಾರ್ಥಿಗಳಿಗೆ ಪಾಠ ಕಡಿಮೆ ನೆನಪಿನಲ್ಲಿ ಉಳಿದಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಸ್ಪಿನ್ನರ್ ಕೈಯಲ್ಲಿ ಇರುತ್ತದೆ ಎಂಬುದು ಹೆಸರಿಗೆ ಮಾತ್ರ, ಅದು ಆಡುವುದು ಕಣ್ಣಿನೊಡನೆ. ಒಮ್ಮೆ ತಿರುಗಿಸಿದ ಮೇಲೆ ಬೆರಳಿಗೆ ಕೆಲಸವೇ ಇಲ್ಲ, ನಿಲ್ಲುವವರೆಗೆ ನೋಡುತ್ತ ಕೂರಬೇಕು, ಪಕ್ಕದವನೂ ನೋಡುತ್ತಾನೆ.

ಕಣ್ಣು ಬೇಡದ, ಬೆರಳಿಗೆ ಮಾತ್ರ ಕೆಲಸ ಕೊಡುವ ವಸ್ತು ಹೇಗಿರುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲೇ ನೋಡಬಹುದು. ಹರಿಕಥೆಗೋ ಪುರಾಣಕ್ಕೋ ಕುಳಿತ ಹಿರಿಯ ಹೆಂಗಸರು ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಮಾಡುತ್ತಿರುತ್ತಾರೆ. ಬೀಜ ತೆಗೆದು ಹಿಂಜಿದ ಚಿಟಿಕೆ ಹತ್ತಿಯನ್ನು ದುಂಡಗೆ ಮಾಡಿ, ತುದಿಯನ್ನು ಎಳೆದು, ವಿಭೂತಿಯನ್ನೋ ಹಾಲನ್ನೋ ಸೋಕಿಸಿದ ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದರೆ ಒಂದು ಬತ್ತಿ ಆಯಿತು, ಕೈ ಮತ್ತೆ ಹತ್ತಿಗೆ ಹೋಗುತ್ತದೆ. ದೃಷ್ಟಿ ಮಾತ್ರ ದಾಸರ ಮುಖದಿಂದ ಕದಲುವುದಿಲ್ಲ. ಕಥೆ ಎಲ್ಲಿಗೆ ಬಂತು ಎಂದು ಕೇಳಿ ನೋಡಿ, ಕೈಕಟ್ಟಿ ಕುಳಿತು ತೂಕಡಿಸುತ್ತಿದ್ದ ಗಂಡಸರಿಗಿಂತ ಅವರೇ ಸರಿಯಾಗಿ ಹೇಳುತ್ತಾರೆ. ಗ್ರೀಸಿನ ಕಾಫಿ ಅಂಗಡಿಗಳಲ್ಲಿ ಹರಟುತ್ತ ಕುಳಿತವರ ಬೆರಳುಗಳ ನಡುವೆ ಜಾರುವ ಕೊಂಬೊಲೊಯ್ ಎಂಬ ಮಣಿಸರಕ್ಕೂ ಇದೇ ಗುಣವಿದೆ; ನೋಡಲು ಜಪಮಾಲೆಯಂತಿದ್ದರೂ ಅದರಿಂದ ಯಾರೂ ಜಪ ಮಾಡುವುದಿಲ್ಲ.

ಕಚೇರಿಯ ಸಭೆಯಲ್ಲಿ ಬತ್ತಿ ಹೊಸೆಯುವಂತಿಲ್ಲವಾದ್ದರಿಂದ ನನ್ನ ಜೇಬಿನಲ್ಲಿ ಒಂದು ಗಜ್ಜುಗ ಇರುತ್ತದೆ. ಬಾಲ್ಯದಲ್ಲಿ ಅದನ್ನು ಕಲ್ಲಿಗೆ ಉಜ್ಜಿ, ಕಾದ ಕೂಡಲೇ ಪಕ್ಕದವನ ತೋಳಿಗೆ ಚುರುಕು ಮುಟ್ಟಿಸುತ್ತಿದ್ದೆವಲ್ಲ, ಅದೇ ಬೂದು ಬಣ್ಣದ ಬೀಜ. ಈಗಲೂ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಗೋಲಿಯಷ್ಟೇ ದಪ್ಪ, ಆದರೆ ಗೋಲಿಯಂತೆ ಪೂರ್ತಿ ದುಂಡಗಿಲ್ಲ. ಒಂದು ಕಡೆ ತುಸು ಚಪ್ಪಟೆ, ಮೈಮೇಲೆ ಕೂದಲೆಳೆಯಂಥ ಸುತ್ತುಗೆರೆಗಳು. ಹೆಬ್ಬೆರಳಿಗೆ ಆ ಚಪ್ಪಟೆ ಜಾಗವನ್ನು ಹುಡುಕುವುದೊಂದು, ಸಿಕ್ಕ ಮೇಲೆ ತಪ್ಪಿಸಿಕೊಂಡು ಮತ್ತೆ ಹುಡುಕುವುದೊಂದು, ಇಷ್ಟೇ ಉದ್ಯೋಗ. ಮುಷ್ಟಿಯೊಳಗೆ ಅಡಗುತ್ತದೆ, ಸದ್ದಿಲ್ಲ. ನಿಮ್ಮ ಮೇಲಧಿಕಾರಿಗೆ ರೇಗಿದ್ದು ಪೆನ್ನಿನ ಗುಂಡಿಯ ಟಿಕ್‌ಟಿಕ್ ಸದ್ದಿಗೋ ಕೀಲಿಗಳ ಕಿಣಿಕಿಣಿಗೋ ಇರಬೇಕು ಎಂಬುದು ನನ್ನ ಗುಮಾನಿ, ಮತ್ತು ಆ ವಿಷಯದಲ್ಲಿ ನಾನು ಅವರ ಪಕ್ಷ. ರಬ್ಬರ್ ಬ್ಯಾಂಡನ್ನೂ ಬಿಟ್ಟುಬಿಡಿ, ಅದು ಯಾವಾಗ ಯಾರ ಮೇಲೆ ಹಾರುತ್ತದೆ ಎಂದು ಹೇಳಲಾಗದು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಕೈ ವಸ್ತುವನ್ನು ಬಿಟ್ಟು ಮೈಗೆ ಹೋಗುತ್ತಿದ್ದರೆ, ಅಂದರೆ ಉಗುರು ಕಚ್ಚುವುದು, ಉಗುರಿನ ಬದಿಯ ಚರ್ಮ ಸುಲಿದು ರಕ್ತ ಬರಿಸಿಕೊಳ್ಳುವುದು, ಕೂದಲು ಕೀಳುವುದು ಇತ್ಯಾದಿ ಇದ್ದರೆ, ನಾನು ಇಲ್ಲಿ ಹೇಳಿದ್ದು ಅದಕ್ಕೆ ಉತ್ತರವಲ್ಲ. ಅದಕ್ಕೆ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ವಿವರಿಸಿದ, ಇಂದಿಗೂ ಬಳಕೆಯಲ್ಲಿರುವ ಒಂದು ಚಿಕಿತ್ಸಾ ಕ್ರಮವಿದೆ. ಕೈ ಮೇಲೇಳುವ ಕ್ಷಣವನ್ನು ಗುರುತಿಸಲು ಮೊದಲು ಕಲಿಸಿ, ಆ ಕ್ಷಣದಲ್ಲಿ ಮುಷ್ಟಿ ಬಿಗಿಹಿಡಿಯುವಂಥ, ಆ ಚಟದ ಜೊತೆಗೆ ಮಾಡಲು ಸಾಧ್ಯವೇ ಇಲ್ಲದ ಬೇರೊಂದು ಚಲನೆಯನ್ನು ರೂಢಿ ಮಾಡಿಸುತ್ತಾರೆ. ಗಾಯವಾಗುವ ಮಟ್ಟಕ್ಕೆ ಹೋಗಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ, ಸಂಕೋಚಪಡುವ ವಿಷಯವಲ್ಲ.

ಅಂಥದ್ದೇನೂ ಇಲ್ಲದಿದ್ದರೆ, ಮುಂದಿನ ಸಭೆಗೆ ಮುಂಚೆ ಮೇಲಧಿಕಾರಿಯ ಬಳಿ ಹೋಗಿ, ಕೈಯಲ್ಲಿ ಏನಾದರೂ ಇದ್ದರೆ ತಮಗೆ ಮಾತು ಚೆನ್ನಾಗಿ ತಲೆಗೆ ಹೋಗುತ್ತದೆಂದೂ ಇನ್ನು ಮುಂದೆ ಸದ್ದು ಬರುವುದಿಲ್ಲವೆಂದೂ ನೇರವಾಗಿ ಹೇಳಿಬಿಡಿ. ಅವರಿಗೆ ಅದೂ ಒಪ್ಪಿಗೆಯಾಗದಿದ್ದರೆ ಸಭೆಯ ನಡಾವಳಿ ಬರೆಯುವ ಕೆಲಸವನ್ನು ನೀವೇ ಕೇಳಿ ಪಡೆದುಕೊಳ್ಳಿ. ಯಾರಿಗೂ ಬೇಡವಾದ ಕೆಲಸವಾದ್ದರಿಂದ ಸುಲಭವಾಗಿ ಸಿಗುತ್ತದೆ, ಆಗ ನಿಮ್ಮ ಪೆನ್ನನ್ನು ಯಾರೂ ಆಕ್ಷೇಪಿಸಲಾರರು.